ಸ್ಲೈ ಸ್ಟೋನ್‌ನ 1971ರ ಆಲ್ಬಂ: ಆ ಮಸುಕು ಸದ್ದೇ ಅದರ ಜೀವ ಅಂತ ನನ್ನ ವಾದ. ನೀವೇನಂತೀರಿ?

ತಂತಿಮೀಟು:

ಫಂಕ್ ಅಂದರೆ ಕುಣಿಯೋ ಸಂಗೀತ, ಅಷ್ಟೇ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಕುಣಿಸುತ್ತದೆ, ನಿಜ. ಆದರೆ ನಾನು ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ ಕೇಳುವ ಫಂಕ್ ಆಲ್ಬಂ ಕುಣಿಸುವುದು ಕಮ್ಮಿ, ಕಾಡುವುದು ಜಾಸ್ತಿ. ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಬ್ಯಾಂಡಿನ 'ದೇರ್ಸ್ ಎ ರಾಯಟ್ ಗೋಯಿನ್ ಆನ್', ಅಂದರೆ ಗಲಭೆ ನಡೆಯುತ್ತಿದೆ ಅಂತ. 1971ರ ನವೆಂಬರಿನಲ್ಲಿ ಎಪಿಕ್ ಕಂಪನಿ ಹೊರತಂದದ್ದು. ಅದರ ಬಗ್ಗೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆ ಮಾತುಕತೆ ಆಗಲಿ ಅಂತ ಈ ಎಳೆ ಶುರು ಮಾಡಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹಿನ್ನೆಲೆ. ಸ್ಲೈ ನಿಜ ಹೆಸರು ಸಿಲ್ವೆಸ್ಟರ್ ಸ್ಟೀವರ್ಟ್. 1943ರಲ್ಲಿ ಟೆಕ್ಸಸ್‌ನ ಡೆಂಟನ್‌ನಲ್ಲಿ ಹುಟ್ಟಿದ. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ವಲ್ಲೇಹೊ ಊರಿನಲ್ಲಿ. ರೇಡಿಯೊದಲ್ಲಿ ಡೀಜೆ ಆಗಿದ್ದ, ಬೇರೆಯವರ ರೆಕಾರ್ಡುಗಳನ್ನು ಮಾಡಿಕೊಟ್ಟ, ಆಮೇಲೆ 1966ರಲ್ಲಿ ತನ್ನದೇ ಬ್ಯಾಂಡ್ ಕಟ್ಟಿದ. ಗಿಟಾರಿಗೆ ತಮ್ಮ ಫ್ರೆಡ್ಡಿ. ಟ್ರಂಪೆಟ್‌ಗೆ ಸಿಂಥಿಯಾ ರಾಬಿನ್ಸನ್, ಸ್ಯಾಕ್ಸೊಫೋನಿಗೆ ಜೆರಿ ಮಾರ್ಟಿನಿ, ಬೇಸ್‌ಗೆ (ತಗ್ಗು ಸ್ವರದ ಗಿಟಾರು) ಲ್ಯಾರಿ ಗ್ರಹಾಂ, ಡ್ರಮ್ಸಿಗೆ ಗ್ರೆಗ್ ಎರಿಕೊ. ಸ್ವಲ್ಪ ತಡವಾಗಿ ತಂಗಿ ರೋಸ್ ಕೀಬೋರ್ಡಿಗೆ ಬಂದಳು. ಕಪ್ಪು ಜನ, ಬಿಳಿ ಜನ, ಗಂಡಸರು, ಹೆಂಗಸರು ಎಲ್ಲ ಒಂದೇ ವೇದಿಕೆ ಮೇಲೆ. ಹೆಂಗಸರು ಹಿಂದೆ ನಿಂತು ದನಿ ಸೇರಿಸುವುದಕ್ಕೆ ಮಾತ್ರ ಬಂದವರಲ್ಲ, ವಾದ್ಯ ನುಡಿಸುವವರು. ಆಗಿನ ಅಮೆರಿಕದಲ್ಲಿ ಇದು ದೊಡ್ಡ ಮಾತು.

'ಡಾನ್ಸ್ ಟು ದ ಮ್ಯೂಸಿಕ್' ಕೇಳಿದ್ದರೆ ಗೊತ್ತಿರುತ್ತದೆ. ಒಬ್ಬೊಬ್ಬರಾಗಿ ಬಂದು ಇದು ನನ್ನ ಡ್ರಮ್ಮು, ಇದು ನನ್ನ ಗಿಟಾರು ಅಂತ ಪರಿಚಯ ಮಾಡಿಕೊಳ್ಳುತ್ತಾರೆ. 1969ರಲ್ಲಿ 'ಎವ್ರಿಡೇ ಪೀಪಲ್' ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಮೇನಲ್ಲಿ 'ಸ್ಟ್ಯಾಂಡ್!' ಆಲ್ಬಂ, ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತ ಮೇಳ. ಬೆಳಗಿನ ಜಾವ ವೇದಿಕೆ ಹತ್ತಿ, ಮಣ್ಣಿನಲ್ಲಿ ಮಲಗಿದ್ದ ಜನವನ್ನೆಲ್ಲ ಎಬ್ಬಿಸಿ ಕುಣಿಸಿದರು. ಅದಾದ ಮೇಲೆ ಎರಡು ವರ್ಷಕ್ಕೂ ಜಾಸ್ತಿ ಹೊಸ ಆಲ್ಬಂ ಇಲ್ಲ. ಕಂಪನಿಯವರು ಕಾದು ಕಾದು 1970ರಲ್ಲಿ ಹಳೇ ಹಿಟ್‌ಗಳನ್ನೇ ಸೇರಿಸಿ ಒಂದು ರೆಕಾರ್ಡ್ ಬಿಟ್ಟರು.

ಕೊನೆಗೆ ಬಂದದ್ದು ಇದು. ಮೊದಲ ಸಲ ಹಾಕಿದಾಗ ಸ್ಪೀಕರ್ ಕೆಟ್ಟಿದೆಯೇನೋ ಅನ್ನಿಸುತ್ತದೆ. ದನಿಗಳು ಹಿಂದೆಲ್ಲೋ ಇವೆ. ಡ್ರಮ್ಸ್ ಚೂಪಾಗಿಲ್ಲ. ಯಾರೋ ಹಾಡಲು ಶುರು ಮಾಡಿ ಅರ್ಧಕ್ಕೇ ಬಿಡುತ್ತಾರೆ. ಈ ಮಸುಕನ್ನು ಕೆಟ್ಟ ರೆಕಾರ್ಡಿಂಗ್ ಅಂತ ಕ್ಷಮಿಸಿ ಕೇಳುವವರು ತುಂಬಾ ಇದ್ದಾರೆ. ನಾನು ಒಪ್ಪುವುದಿಲ್ಲ. ಒಟ್ಟಿಗೆ ಹಾಡುತ್ತಿದ್ದ ಏಳು ಜನರ ಮನೆ ಒಡೆದದ್ದು ಆ ಸದ್ದಿನಲ್ಲೇ ಕೇಳಿಸುತ್ತದೆ. ಅದನ್ನು ತೊಳೆದು ಹೊಳಪು ಕೊಟ್ಟರೆ ಆಲ್ಬಂನಲ್ಲಿ ಏನೂ ಉಳಿಯುವುದಿಲ್ಲ.


ಹಳೇ ಕ್ಯಾಸೆಟ್ಟು:

ಒಳ್ಳೆ ವಿಷಯ ಎತ್ತಿದ್ದೀರಿ ಸಾರ್. ಆದರೆ ನನಗೊಂದು ತಕರಾರಿದೆ. ಆ ಹೊತ್ತಿಗೆ ಸ್ಲೈ ಕೊಕೇನ್ ಮತ್ತು ಪಿಸಿಪಿ ಅನ್ನುವ ಮಾದಕ ವಸ್ತುಗಳ ಚಟಕ್ಕೆ ಪೂರ್ತಿ ಬಿದ್ದಿದ್ದ. 1970ರಲ್ಲಿ ಒಪ್ಪಿಕೊಂಡಿದ್ದ 80 ಕಾರ್ಯಕ್ರಮಗಳಲ್ಲಿ 26ಕ್ಕೆ ಹೋಗಲೇ ಇಲ್ಲ. ಟಿಕೆಟ್ ತೆಗೆದುಕೊಂಡು ಬಂದ ಜನ ಗಂಟೆಗಟ್ಟಲೆ ಕಾದು ವಾಪಸ್ ಹೋಗಿದ್ದಾರೆ. ಬ್ಯಾಂಡಿನವರಿಗೆ ನಾಳೆ ಏನು ಅಂತ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಮಾಡಿದ ಕೆಲಸದ ಕೊರತೆಯನ್ನೇ ಕಲೆ ಅಂತ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಚಟದಿಂದ ಹಾಳಾದ ಒಬ್ಬ ದೊಡ್ಡ ಪ್ರತಿಭಾವಂತನ ರೆಕಾರ್ಡ್ ಇದು. 'ಸ್ಟ್ಯಾಂಡ್!' ಆಲ್ಬಂ ಇದಕ್ಕಿಂತ ನೂರು ಪಾಲು ಮೇಲು.


ರೀಲು ಟೇಪು:

ನಾನು ಸೌಂಡ್ ಕೆಲಸದವನು. ಮಸುಕು ಹೇಗೆ ಬಂತು ಅನ್ನುವುದನ್ನು ಮೊದಲು ಹೇಳುತ್ತೇನೆ, ಆಮೇಲೆ ನೀವು ಜಗಳ ಆಡಿ.

ಟೇಪ್ ಅಂದರೆ ಪ್ಲಾಸ್ಟಿಕ್ ಪಟ್ಟಿ ಮೇಲೆ ಬಳಿದ ಕಬ್ಬಿಣದ ಆಕ್ಸೈಡ್ ಪುಡಿ. ಹಾಡಿದ್ದು ಆ ಪುಡಿಯಲ್ಲಿ ಅಯಸ್ಕಾಂತದ ಗುರುತಾಗಿ ಕೂರುತ್ತದೆ. ಟೇಪ್ ಹೆಡ್‌ಗೆ, ಅಂದರೆ ಮಷೀನಿನಲ್ಲಿ ಆ ಗುರುತು ಬರೆಯುವ, ಓದುವ ಭಾಗಕ್ಕೆ, ಉಜ್ಜಿಕೊಂಡು ಹೋದಾಗಲೆಲ್ಲ ಒಂಚೂರು ಸವೆಯುತ್ತದೆ. ಹತ್ತು ಇಪ್ಪತ್ತು ಸಲಕ್ಕೆ ಏನೂ ಆಗುವುದಿಲ್ಲ. ಆದರೆ ಅದೇ ಟೇಪನ್ನು ತಿಂಗಳುಗಟ್ಟಲೆ ಹಿಂದೆ ಮುಂದೆ ಓಡಿಸುತ್ತಾ, ಬಾರಿಸಿದ್ದನ್ನು ಅಳಿಸಿ ಅದರ ಮೇಲೇ ಇನ್ನೊಂದು ಬಾರಿಸುತ್ತಾ ಹೋದರೆ ಮೊದಲು ಸಾಯುವುದು ಮೇಲಿನ ಸ್ವರಗಳ ಹೊಳಪು. ಸಿಂಬಲ್‌ನ ಮಿನುಗು, ಹಾಡುವವರ 'ಸ' ಅಕ್ಷರದ ಚೂಪು, ಟ್ರಂಪೆಟ್‌ನ ಅಂಚು. ತಳದ ಸದ್ದು ಹಾಗೇ ಉಳಿಯುತ್ತದೆ. ಇನ್ನು ಜಾಗ ಸಾಲದೆ ನಾಲ್ಕು ಟ್ರ್ಯಾಕನ್ನು (ಒಂದೊಂದು ವಾದ್ಯಕ್ಕೆ ಟೇಪಿನಲ್ಲಿ ಬಿಟ್ಟ ಸಾಲು) ಒಂದಕ್ಕೆ ಇಳಿಸಿದರೆ ನಾಲ್ಕರ ಸುಯ್‌ಗುಟ್ಟುವಿಕೆಯೂ ಒಟ್ಟಾಗಿ ಕೂರುತ್ತದೆ. ಈ ಆಲ್ಬಂನಲ್ಲಿ ಮೆತ್ತಗಿನ ಜಾಗಗಳಲ್ಲಿ ಆ ಸುಯ್ ಅನ್ನೋದು ಚೆನ್ನಾಗಿ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು 'ಜಸ್ಟ್ ಲೈಕ್ ಎ ಬೇಬಿ' ಶುರುವಾಗುವ ಜಾಗ ಕೇಳಿ.

ಸ್ಲೈ ಕೆಲಸ ಮಾಡಿದ್ದು ಹಾಗೇ. ಲಾಸ್ ಏಂಜಲಿಸ್‌ನ ಬೆಲ್ ಏರ್‌ನಲ್ಲಿ, ಮಾಮಾಸ್ ಅಂಡ್ ದ ಪಾಪಾಸ್ ಬ್ಯಾಂಡಿನ ಜಾನ್ ಫಿಲಿಪ್ಸ್‌ಗೆ ಸೇರಿದ ಬಂಗಲೆಯಲ್ಲಿ ಇದ್ದ. ಮನೆಯೊಳಗೇ ರೆಕಾರ್ಡಿಂಗ್ ಸಾಮಾನು ಇಟ್ಟುಕೊಂಡಿದ್ದ. ಸ್ವಲ್ಪ ಕೆಲಸ ಅಲ್ಲಿ, ಸ್ವಲ್ಪ ರೆಕಾರ್ಡ್ ಪ್ಲಾಂಟ್ ಸ್ಟುಡಿಯೊದಲ್ಲಿ. ಬ್ಯಾಂಡ್ ಒಟ್ಟಿಗೆ ಕೂತು ನುಡಿಸಿದ್ದು ತೀರಾ ಕಮ್ಮಿ. ಹೆಚ್ಚಿನ ವಾದ್ಯ ಇವನೇ ಒಂದೊಂದಾಗಿ ಬಾರಿಸಿ ಪದರ ಪದರವಾಗಿ ಕೂರಿಸಿದ. ಯಾರು ಎಲ್ಲಿ ಬಾರಿಸಿದ್ದಾರೆ ಅಂತ ಇವತ್ತಿಗೂ ಪೂರ್ತಿ ಬಿಡಿಸಿ ಹೇಳುವುದು ಕಷ್ಟ. ಬಾಬಿ ವೊಮ್ಯಾಕ್ ಗಿಟಾರ್ ಇದೆ, ಬಿಲ್ಲಿ ಪ್ರೆಸ್ಟನ್ ಕೀಬೋರ್ಡ್ ಇದೆ.

ಮಸುಕು ಬೇಕಂತ ತಂದದ್ದೋ ತಾನಾಗಿ ಬಂದದ್ದೋ? ನನ್ನ ಕೆಲಸದ ಅನುಭವದಲ್ಲಿ ಇದಕ್ಕೆ ಒಂದೇ ಉತ್ತರ. ಸ್ಲೈ ಮೊದಲೇ ನಿರ್ಮಾಪಕನಾಗಿದ್ದವನು. ಶುದ್ಧವಾದ ರೆಕಾರ್ಡಿಂಗ್ ಹೇಗಿರುತ್ತದೆ ಅಂತ ಅವನ ಕಿವಿಗೆ ಚೆನ್ನಾಗಿ ಗೊತ್ತಿತ್ತು. ಸವೆದ ಟೇಪ್ ಕೇಳಿ, ಇದು ಇರಲಿ ಅಂತ ಬಿಟ್ಟಿದ್ದಾನೆ. ಇಟ್ಟುಕೊಂಡದ್ದು ಅವನ ಆಯ್ಕೆ.


ತಂತಿಮೀಟು:

@ರೀಲು ಟೇಪು, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್.

@ಹಳೇ ಕ್ಯಾಸೆಟ್ಟು, ಚಟವನ್ನು ನಾನು ಹೊಗಳುತ್ತಿಲ್ಲ. ಅದು ಆ ಬ್ಯಾಂಡನ್ನೂ ಅವನ ಮುಂದಿನ ಐವತ್ತು ವರ್ಷವನ್ನೂ ತಿಂದುಹಾಕಿತು. ನನ್ನ ಮಾತಿಗೆ ಸಾಕ್ಷಿ ಆಲ್ಬಂ ಒಳಗೇ ಇದೆ. ಎರಡು ಹಾಡು ಅಕ್ಕಪಕ್ಕ ಇಟ್ಟು ಕೇಳಿ.

ಮೊದಲನೆಯದು 'ಥ್ಯಾಂಕ್ ಯೂ'. 1969ರ ಡಿಸೆಂಬರಿನಲ್ಲಿ ಬಂದ ಸಿಂಗಲ್, ಅಂದರೆ ಬಿಡಿ ಹಾಡಿನ ಸಣ್ಣ ರೆಕಾರ್ಡ್. 1970ರ ಫೆಬ್ರವರಿಯಲ್ಲಿ ಮೊದಲ ಸ್ಥಾನ. ಎರಡನೆಯದು ಈ ಆಲ್ಬಂನ ಕೊನೇ ಹಾಡು, 'ಥ್ಯಾಂಕ್ ಯೂ ಫಾರ್ ಟಾಕಿನ್ ಟು ಮಿ ಆಫ್ರಿಕಾ'. ಸಾಹಿತ್ಯ ಹೆಚ್ಚು ಕಮ್ಮಿ ಅದೇ. ಚರಣಗಳು ಅವೇ.

ಸಿಂಗಲ್‌ನಲ್ಲಿ ಲ್ಯಾರಿ ಗ್ರಹಾಂ ಹೆಬ್ಬೆರಳಲ್ಲಿ ತಂತಿಗೆ ಹೊಡೆದು ಶುರು ಮಾಡುತ್ತಾನೆ. ಆಮೇಲೆ ಗಿಟಾರ್ ಚಕಚಕ ಅಂತ ಸೇರಿಕೊಳ್ಳುತ್ತದೆ, ಹಿತ್ತಾಳೆ ವಾದ್ಯಗಳು ನಡುನಡುವೆ ಕುಕ್ಕುತ್ತವೆ. ಎಲ್ಲರೂ ಒಟ್ಟಿಗೆ ಹಾಡುತ್ತಾರೆ. ಕಾಲು ತಾನಾಗಿ ಆಡುತ್ತದೆ. ಈಗ ಪದಗಳ ಕಡೆ ಗಮನ ಕೊಡಿ. ಮೊದಲ ಚರಣದಲ್ಲೇ ಸೈತಾನ ಬಂದೂಕು ಹಿಡಿದು ನಿಂತಿದ್ದಾನೆ. ಇವನ ಬೆರಳು ನಡುಗುತ್ತದೆ, ಓಡುತ್ತಾನೆ, ಗುಂಡು ಬೆನ್ನು ಹತ್ತುತ್ತದೆ. ಕೊನೇ ಚರಣದಲ್ಲಿ ಚಿಕ್ಕ ವಯಸ್ಸಿನ ಸಾವು, ತನ್ನನ್ನು ತಾನೇ ಮಾರಿಕೊಳ್ಳುವ ನೋವು ಬರುತ್ತದೆ. ಇಷ್ಟು ಭಯ ಇರುವ ಹಾಡಿಗೆ ಅಮೆರಿಕ ಇಡೀ ಕುಣಿಯಿತು. ಯಾಕೆಂದರೆ ವಾದ್ಯಗಳು ಆ ಭಯವನ್ನು ಮುಚ್ಚಿ ಹಾಕಿದ್ದವು.

ಎರಡು ವರ್ಷ ಆದಮೇಲೆ ಅದೇ ಪದಗಳನ್ನು ತೆಗೆದುಕೊಂಡು ವೇಗ ಇಳಿಸಿದ. 7 ನಿಮಿಷ ದಾಟುತ್ತದೆ. ಬೇಸ್ ಭಾರವಾಗಿ, ಎಳೆದು ಎಳೆದು ಹೆಜ್ಜೆ ಹಾಕುತ್ತದೆ. ಗಿಟಾರ್ ಒಂದು ಸಲ ಗೀರಿ ಸುಮ್ಮನಾಗುತ್ತದೆ. ಹಿತ್ತಾಳೆ ವಾದ್ಯಗಳ ಆ ಕುಕ್ಕು ಇಲ್ಲ. ಒಂದು ಚರಣದಲ್ಲಿ ಬ್ಯಾಂಡಿನ ಹಳೇ ಹಿಟ್‌ಗಳ ಹೆಸರು ಸಾಲಾಗಿ ಬರುತ್ತವೆ: ಡಾನ್ಸ್ ಟು ದ ಮ್ಯೂಸಿಕ್, ಎವ್ರಿಡೇ ಪೀಪಲ್, ಸಿಂಗ್ ಎ ಸಿಂಪಲ್ ಸಾಂಗ್. ಸಿಂಗಲ್‌ನಲ್ಲಿ ಅದು ಹೆಮ್ಮೆಯಿಂದ ಹೇಳಿದ ಪಟ್ಟಿ. ಇಲ್ಲಿ ಅದೇ ಸಾಲು ಬಂದಾಗ ಯಾರದೋ ತಿಥಿಯಲ್ಲಿ ಕೂತ ಹಾಗಾಗುತ್ತದೆ. ಆ ಸಾಲಿನ ಪದ ಬದಲಿಸದೆ ಅರ್ಥ ಪೂರ್ತಿ ತಿರುಗಿಸಿದ. ಇದನ್ನು ಮೈಮೇಲೆ ಪ್ರಜ್ಞೆ ಇಲ್ಲದವನು ಮಾಡಲು ಆಗುವುದಿಲ್ಲ ಸಾರ್.


ಬೇಸ್ ಗುರು ಹುಬ್ಬಳ್ಳಿ:

ಬೇಸ್ ಹೆಸರು ಬಂತಲ್ರೀ, ಸುಮ್ಮನಿರೋದು ಹೆಂಗೆ.

ಲ್ಯಾರಿ ಗ್ರಹಾಂ ಬಗ್ಗೆ ಎರಡು ಮಾತು. ಹುಡುಗನಾಗಿದ್ದಾಗ ಅಮ್ಮನ ಜೊತೆ ಸಣ್ಣ ತಂಡದಲ್ಲಿ ನುಡಿಸುತ್ತಿದ್ದ. ಅಮ್ಮ ಪಿಯಾನೊ, ಹಾಡು. ಡ್ರಮ್ಸ್ ನುಡಿಸುವವರು ಇಲ್ಲ. ಡ್ರಮ್ಸಿನ ಕೆಲಸವನ್ನೂ ಬೇಸ್‌ನಲ್ಲೇ ಮಾಡಬೇಕಾಯಿತು. ಹೆಬ್ಬೆರಳಲ್ಲಿ ದಪ್ಪ ತಂತಿಗೆ ಹೊಡೆದರೆ ಅದು ಕಾಲಿನ ಡ್ರಮ್ಮು. ಬೆರಳಲ್ಲಿ ಸಣ್ಣ ತಂತಿ ಎಳೆದು ಬಿಟ್ಟರೆ ಅದು ಸ್ನೇರು, ಅಂದರೆ ಚಟ್ ಅನ್ನುವ ಸಣ್ಣ ಡ್ರಮ್ಮು. ಇವತ್ತು ಜಗತ್ತಿನ ಎಲ್ಲ ಬೇಸ್ ಕಲಿಯುವ ಹುಡುಗರೂ ಸ್ಲ್ಯಾಪ್ ಅಂತ ಕಲಿಯುವುದು ಆ ಕೊರತೆಯಿಂದ ಹುಟ್ಟಿದ ವಿದ್ಯೆ.

ಈಗ ನೋಡಿ, ಈ ಆಲ್ಬಂನಲ್ಲಿ ಅವನು ಎಷ್ಟು ಕಮ್ಮಿ ಇದ್ದಾನೆ. 'ಫ್ಯಾಮಿಲಿ ಅಫೇರ್'ನಲ್ಲಿ ಬೇಸ್ ನುಡಿಸಿದ್ದು ಸ್ಲೈ. ಗ್ರಹಾಂ ಮತ್ತು ಸ್ಲೈ ಆ ಹೊತ್ತಿಗೆ ಮುಖ ಕೊಟ್ಟು ಮಾತಾಡದ ಸ್ಥಿತಿ. 1972ರಲ್ಲಿ ಗ್ರಹಾಂ ಬಿಟ್ಟೇ ಹೋದ, ಗ್ರಹಾಂ ಸೆಂಟ್ರಲ್ ಸ್ಟೇಷನ್ ಅಂತ ತನ್ನದೇ ಬ್ಯಾಂಡ್ ಕಟ್ಟಿದ. ಅವನಿಗಿಂತ ಮೊದಲೇ, 1971ರಲ್ಲಿ, ಡ್ರಮ್ಸಿನ ಗ್ರೆಗ್ ಎರಿಕೊ ಹೊರಟಿದ್ದ. ಅಂದರೆ ಫಂಕ್ ಬ್ಯಾಂಡಿನ ಬೆನ್ನುಮೂಳೆ, ಬೇಸ್ ಮತ್ತು ಡ್ರಮ್ಸ್, ಎರಡೂ ಕಳಚಿಕೊಂಡಿತ್ತು.

ಆದರೂ ಸ್ಲೈ ನುಡಿಸಿದ ಬೇಸ್ ಬಗ್ಗೆ ಯಾರೂ ಹೇಳುವುದಿಲ್ಲ, ಅದು ನನಗೆ ಬೇಜಾರು. ಗ್ರಹಾಂ ಹಾಗೆ ಅಬ್ಬರ ಇಲ್ಲ. ಜಾಗ ಬಿಡುತ್ತಾನೆ. ಒಂದು ಸ್ವರ ಹಾಕಿ, ಇನ್ನೇನು ಬರುತ್ತೆ ಅನ್ನುವಾಗ ಹಾಕುವುದಿಲ್ಲ. ಸ್ವಲ್ಪ ತಡ ಮಾಡಿ ಹಾಕುತ್ತಾನೆ. 'ಪೊಯೆಟ್' ಕೇಳಿ. ಹಾಡು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದೆ ಅನ್ನಿಸುತ್ತದೆ, ಆದರೆ ತಾಳ ಎಲ್ಲೂ ತಪ್ಪಿಲ್ಲ. ನಾನು ನುಡಿಸಿ ನೋಡಿದ್ದೇನೆ. ಸ್ವರಗಳು ಸುಲಭ, ಆ ತಡ ಹಿಡಿಯುವುದು ಬಲು ಕಷ್ಟ.


ಆದಿತಾಳ:

ನಾನು ಮೃದಂಗ ಕಲಿತವಳು. ಫಂಕ್‌ಗೆ ಹೊಸಬಳು. ಈ ಎಳೆ ಓದಿ ನಿನ್ನೆ ರಾತ್ರಿ ಇಡೀ ಆಲ್ಬಂ ಕೇಳಿದೆ. 'ಫ್ಯಾಮಿಲಿ ಅಫೇರ್'ನಲ್ಲಿ ಟಿಕ್ ಟಿಕ್ ಅಂತ ಬರುವುದು ಡ್ರಮ್ಸ್ ಅಲ್ಲ ಅಲ್ವಾ? ಮಷೀನ್ ಥರ ಕೇಳಿಸಿತು.


ರೀಲು ಟೇಪು:

ಕಿವಿ ಚೆನ್ನಾಗಿದೆ ನಿಮ್ಮದು! ಹೌದು, ಮಷೀನೇ. ಮೇಸ್ಟ್ರೊ ರಿದಂ ಕಿಂಗ್ ಅಂತ ಅದರ ಹೆಸರು. ಸ್ಲೈ ಅದನ್ನು ಫಂಕ್ ಬಾಕ್ಸ್ ಅಂತ ಕರೆಯುತ್ತಿದ್ದ. ಇಂಥ ಪೆಟ್ಟಿಗೆಗಳು ಹುಟ್ಟಿದ್ದು ಮನೆಯಲ್ಲಿ ಆರ್ಗನ್ ನುಡಿಸುವವರಿಗೆ ತಾಳ ಕೊಡುವುದಕ್ಕೆ. ನಿಮ್ಮ ಸಂಗೀತದವರು ಅಭ್ಯಾಸಕ್ಕೆ ಇಟ್ಟುಕೊಳ್ಳುವ ಎಲೆಕ್ಟ್ರಾನಿಕ್ ತಾಳದ ಪೆಟ್ಟಿಗೆ ಇದೆಯಲ್ಲ, ಬಳಕೆ ಹೆಚ್ಚು ಕಮ್ಮಿ ಅದೇ. ವಾಲ್ಟ್ಸ್, ಬೊಸಾನೊವಾ, ರಾಕ್ ಹೀಗೆ ಲಯದ ಬಟನ್‌ಗಳಿರುತ್ತವೆ. ಒತ್ತಿದರೆ ಅದು ತನ್ನ ಪಾಡಿಗೆ ಹೊಡೆಯುತ್ತಾ ಇರುತ್ತದೆ. ವೇಗ ಬದಲಿಸಬಹುದು. ನಿಮ್ಮದೇ ಲಯ ಬರೆದು ಹಾಕಲು ಆಗುವುದಿಲ್ಲ.

'ಫ್ಯಾಮಿಲಿ ಅಫೇರ್' 1971ರ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿ 3 ವಾರ ಅಲ್ಲೇ ಇತ್ತು. ಡ್ರಮ್ ಮಷೀನ್ ಇಟ್ಟುಕೊಂಡು ಆ ಎತ್ತರ ಮುಟ್ಟಿದ ಮೊದಮೊದಲ ಹಾಡುಗಳಲ್ಲಿ ಒಂದು. ಅದಕ್ಕೂ ಮುಂಚೆ, 1970ರಲ್ಲಿ, ಸ್ಲೈ ತನ್ನ ಸ್ಟೋನ್ ಫ್ಲವರ್ ಕಂಪನಿಯಿಂದ ಲಿಟಲ್ ಸಿಸ್ಟರ್ ಅನ್ನುವ ತಂಡದ 'ಸಮ್‌ಬಡೀಸ್ ವಾಚಿಂಗ್ ಯೂ' ಹೊರತಂದಿದ್ದ. ಅದರಲ್ಲೂ ಇದೇ ಪೆಟ್ಟಿಗೆ. ಹಾಡಿದವರಲ್ಲಿ ಅವನ ಇನ್ನೊಬ್ಬ ತಂಗಿ ವೆಟ್ ಇದ್ದಳು.


ಆದಿತಾಳ:

ಹಾಗಾದರೆ ಇನ್ನೂ ಆಶ್ಚರ್ಯ. ಆ ಪೆಟ್ಟಿಗೆ ಇಟ್ಟುಕೊಂಡು ಅಭ್ಯಾಸ ಮಾಡಿದವರಿಗೆ ಗೊತ್ತು, ಅದಕ್ಕೆ ಕರುಣೆ ಇಲ್ಲ. ನೀವು ತಡ ಮಾಡಿದರೂ ಅದು ಕಾಯುವುದಿಲ್ಲ. ಜೊತೆಗಾರ ಮನುಷ್ಯನಾದರೆ ಹಾಡುವವರು ಉಸಿರು ತೆಗೆದುಕೊಂಡದ್ದು ನೋಡಿ ಒಂಚೂರು ಹಿಡಿಯುತ್ತಾರೆ. ಇಲ್ಲಿ ಸ್ಲೈ ಆ ಮಷೀನಿನ ಜೊತೆ ಒಪ್ಪಿಕೊಂಡು ಹೋಗುತ್ತಿಲ್ಲ. ಅದು ಒಂದು ಕಡೆ ಹೊಡೆದರೆ ಇವನು ಬೇಸನ್ನೂ ಹಾಡನ್ನೂ ಅದರ ಆಚೀಚೆ ಇಡುತ್ತಿದ್ದಾನೆ. ಬಿಲ್ಲಿ ಪ್ರೆಸ್ಟನ್ ಎಲೆಕ್ಟ್ರಿಕ್ ಪಿಯಾನೊ ನಡುವೆ ಗುಳ್ಳೆ ಎದ್ದ ಹಾಗೆ ಬಂದು ಹೋಗುತ್ತದೆ. ಹಾಗಾಗಿ ಲಯ ಗಟ್ಟಿ ಇದೆ, ಆದರೂ ಅದರ ಮೇಲಿರುವುದೆಲ್ಲ ಅಲ್ಲಾಡುತ್ತದೆ.

ಪದಗಳ ಬಗ್ಗೆ ಒಂದು. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬ ಓದಿನಲ್ಲಿ ಆಸೆ ಇಟ್ಟವನು, ಇನ್ನೊಬ್ಬನನ್ನು ಕಂಡರೆ ಮೈ ಉರಿಯುತ್ತದೆ. ತಾಯಿಗೆ ಇಬ್ಬರೂ ಬೇಕು. ಆಮೇಲೆ ಮದುವೆಯಾಗಿ ಒಂದು ವರ್ಷವಾದ ಜೋಡಿ, ಇನ್ನೂ ಒಬ್ಬರನ್ನೊಬ್ಬರು ಅಳೆಯುತ್ತಿದ್ದಾರೆ. ಯಾರದು ಸರಿ ಅಂತ ಹಾಡು ಹೇಳುವುದೇ ಇಲ್ಲ. ಸ್ಲೈ ದನಿ ತಗ್ಗಿನಲ್ಲಿ, ಗಂಟಲಲ್ಲೇ ಉಳಿದ ಹಾಗಿದೆ. ಪಲ್ಲವಿಗೆ ತಂಗಿ ರೋಸ್ ಬಂದಾಗ ಮಾತ್ರ ಬೆಳಕು ಬಿದ್ದ ಹಾಗಾಗುತ್ತದೆ. ಮನೆ ಮುರಿಯುವ ಹಾಡನ್ನು ಸ್ವಂತ ಅಣ್ಣ ತಂಗಿ ಹಾಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಇನ್ನೊಂದು ಸಲ ಕೇಳಿದೆ. ನನಗೆ ಕಣ್ಣಲ್ಲಿ ನೀರು ಬಂತು.


ಬೇ ಏರಿಯಾ ಕನ್ನಡತಿ:

ಸಂಗೀತದ ಬಗ್ಗೆ ನೀವೆಲ್ಲ ಚೆನ್ನಾಗಿ ಬರೆದಿದ್ದೀರಿ. ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ. ಹಾಗಾಗಿ ಊರಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಮನೆಯೊಳಗಿನ ಜಗಳ, ಚಟ ಇಷ್ಟೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ.

ಈ ಬ್ಯಾಂಡ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ್ದು 1966ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಕೊಲ್ಲಿ ಆಚೆಯ ಓಕ್ಲೆಂಡ್‌ನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ನಡುವೆ ಒಂದು ಸೇತುವೆ ದೂರ. ಒಂದು ಕಡೆ, ಎಲ್ಲ ಬಣ್ಣದವರೂ ಸೇರಿ ಹಾಡೋಣ ಅನ್ನುವ ಬ್ಯಾಂಡ್. ಇನ್ನೊಂದು ಕಡೆ, ಪೊಲೀಸರ ಹೊಡೆತ ತಿಂದು ಸಾಕಾಗಿ ನಮ್ಮನ್ನು ನಾವೇ ಕಾಯ್ದುಕೊಳ್ಳುತ್ತೇವೆ ಅಂತ ಎದ್ದು ನಿಂತ ಕಪ್ಪು ಹುಡುಗರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಅಮೆರಿಕದ ನೂರಾರು ಕಡೆ ಬೀದಿಗಳು ಹೊತ್ತಿ ಉರಿದವು. ಎಲ್ಲರೂ ಒಂದೇ ಅನ್ನುವ ಮಾತನ್ನು ನಂಬುವುದು ದಿನದಿನಕ್ಕೂ ಕಷ್ಟವಾಯಿತು. ಬ್ಯಾಂಡಿನಲ್ಲಿದ್ದ ಇಬ್ಬರು ಬಿಳಿಯರನ್ನು, ಮಾರ್ಟಿನಿ ಮತ್ತು ಎರಿಕೊ, ತೆಗೆದುಹಾಕು ಅಂತ ಪ್ಯಾಂಥರ್‌ಗಳ ಕಡೆಯಿಂದ ಸ್ಲೈ ಮೇಲೆ ಒತ್ತಡ ಬಂತು. ಬಿಳಿಯ ಮ್ಯಾನೇಜರ್ ಡೇವಿಡ್ ಕಾಪ್ರಾಲಿಕ್ ವಿಷಯದಲ್ಲೂ ಅದೇ. ಆ ಯಾರನ್ನೂ ಸ್ಲೈ ತೆಗೆಯಲಿಲ್ಲ. ಎರಿಕೊ ತಾನಾಗಿ ಹೋದ. ಮಾರ್ಟಿನಿ ಈ ಆಲ್ಬಂನಲ್ಲೂ ಇದ್ದಾನೆ.

ಈಗ ಆಲ್ಬಂನ ಮೊದಲ ಹಾಡಿಗೆ ಬನ್ನಿ, 'ಲವ್ ಎನ್ ಹೇಟ್'. ಹೇಟ್ ಅನ್ನುವುದು ಸ್ಯಾನ್ ಫ್ರಾನ್ಸಿಸ್ಕೊದ ಬೀದಿ. 1967ರ ಬೇಸಿಗೆಯಲ್ಲಿ ಪ್ರೀತಿ, ಶಾಂತಿ ಅಂತ ದೇಶದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬಂದು ಸೇರಿದ್ದು ಅಲ್ಲೇ. ಕೆಲವೇ ವರ್ಷದಲ್ಲಿ ಆ ಬೀದಿಯಲ್ಲಿ ಉಳಿದದ್ದು ಹೆರಾಯಿನ್ ಮತ್ತು ಬೀದಿಪಾಲಾದ ಮಕ್ಕಳು. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಮಾತು ಏನು ಹೇಳಿ? ಒಳಗೆ ಹಾಯಾಗಿದೆ, ಅಲ್ಲಾಡುವ ಮನಸ್ಸಿಲ್ಲ ಅಂತ. ಎದ್ದು ನಿಲ್ಲಿ ಅಂದವರು, ಕುಣಿಯಿರಿ ಅಂದವರು, ಇನ್ನೂ ಮೇಲಕ್ಕೆ ಒಯ್ಯುತ್ತೇನೆ ಅಂದವರು ಇವರೇ ಅಲ್ವಾ? ಮೊದಲ ಹಾಡಿನಲ್ಲೇ ಅದನ್ನೆಲ್ಲ ಕೆಳಗಿಟ್ಟರು.

ಹೊದಿಕೆ ಚಿತ್ರವನ್ನೂ ನೋಡಿ. ಅಮೆರಿಕದ ಬಾವುಟ. ಆದರೆ ನೀಲಿ ಇರಬೇಕಾದ ಕಡೆ ಕಪ್ಪು. ನಕ್ಷತ್ರ ಇರಬೇಕಾದ ಕಡೆ ಸೂರ್ಯ. ಮುಂದುಗಡೆ ಬ್ಯಾಂಡಿನ ಹೆಸರಿಲ್ಲ, ಆಲ್ಬಂ ಹೆಸರಿಲ್ಲ. ಕಂಪನಿಯವರಿಗೆ ಕೈಕಟ್ಟಿದ ಹಾಗಾಗಿ, 'ಫ್ಯಾಮಿಲಿ ಅಫೇರ್' ಹಿಟ್ ಇದರಲ್ಲಿದೆ ಅಂತ ಸ್ಟಿಕರ್ ಅಂಟಿಸಿದರು. ಫೋಟೊ ತೆಗೆದದ್ದು ಸ್ಟೀವ್ ಪೇಲಿ.


ಹಳೇ ಕ್ಯಾಸೆಟ್ಟು:

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ಬಾವುಟದ ವಿಷಯ ಒಪ್ಪಿದೆ. ಆದರೆ ಆ ಶೀರ್ಷಿಕೆ ಹಾಡಿನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಮೊದಲ ಬದಿಯ ಕೊನೆಗೆ ಹಾಡಿನ ಹೆಸರು ಬರೆದು, ಉದ್ದ 0 ನಿಮಿಷ 0 ಸೆಕೆಂಡ್ ಅಂತ ಹಾಕಿದ್ದಾರೆ. ಅಂದರೆ ಹಾಡೇ ಇಲ್ಲ. ದುಡ್ಡು ಕೊಟ್ಟು ತೆಗೆದುಕೊಂಡವರಿಗೆ ಇದು ಎಂಥ ಲೆಕ್ಕ?


ಬೇ ಏರಿಯಾ ಕನ್ನಡತಿ:

ಅದರ ಬಗ್ಗೆ ಬಹಳ ವರ್ಷ ಒಂದು ಕಥೆ ಓಡಾಡುತ್ತಿತ್ತು. 1970ರ ಜುಲೈ 27ರಂದು ಶಿಕಾಗೊದ ಗ್ರಾಂಟ್ ಪಾರ್ಕಿನಲ್ಲಿ ಇವರ ಉಚಿತ ಕಾರ್ಯಕ್ರಮ ಇತ್ತು. ಬ್ಯಾಂಡ್ ವೇದಿಕೆ ಹತ್ತುವ ಮೊದಲೇ ಗಲಾಟೆ ಶುರುವಾಗಿ ನೂರಕ್ಕೂ ಜಾಸ್ತಿ ಜನಕ್ಕೆ ಗಾಯವಾಯಿತು. ತಪ್ಪೆಲ್ಲ ಬ್ಯಾಂಡಿನ ತಲೆಗೆ ಬಂತು. ಆ ಖಾಲಿ ಹಾಡು ಅದರ ನೆನಪು ಅಂತ ಜನ ಅಂದುಕೊಂಡಿದ್ದರು. ಎಷ್ಟೋ ವರ್ಷದ ಮೇಲೆ ಸ್ಲೈ ಕಾರಣ ಹೇಳಿದ. ಗಲಭೆ ಅನ್ನುವುದು ಇರಬಾರದು ಅಂತ ತನಗೆ ಅನ್ನಿಸಿದ್ದರಿಂದ ಅದಕ್ಕೆ ಸಮಯವನ್ನೇ ಕೊಡಲಿಲ್ಲವಂತೆ. ನನಗಂತೂ ಆ ಉತ್ತರ ತುಂಬಾ ಇಷ್ಟ.

ಇನ್ನೊಂದು. ಆಲ್ಬಂಗೆ ಮೊದಲು ಇಡಬೇಕು ಅಂದುಕೊಂಡಿದ್ದ ಹೆಸರು 'ಆಫ್ರಿಕಾ ಟಾಕ್ಸ್ ಟು ಯೂ'. 1971ರ ಮೇನಲ್ಲಿ ಗಾಯಕ ಮಾರ್ವಿನ್ ಗೇ 'ವಾಟ್ಸ್ ಗೋಯಿಂಗ್ ಆನ್' ಹೊರತಂದ. ಏನಾಗುತ್ತಿದೆ ಅಂತ ಅವನು ಕೇಳಿದ್ದಕ್ಕೆ ಇವನ ಉತ್ತರವೇ ಈಗಿನ ಹೆಸರು ಅಂತ ಹೇಳುತ್ತಾರೆ.


ಹೊಸ ಕಿವಿ:

ಎಲ್ಲರಿಗೂ ನಮಸ್ಕಾರ. ನಾನು ಫಂಕ್ ಕೇಳಿದ್ದು ತೀರಾ ಕಮ್ಮಿ. ಸ್ಲೈ ಸ್ಟೋನ್ ತೀರಿಕೊಂಡ ಸುದ್ದಿ ಬಂದಾಗಲೇ ಹೆಸರು ಮೊದಲ ಸಲ ಕೇಳಿದ್ದು. ನೇರ ಈ ಆಲ್ಬಂನಿಂದ ಶುರು ಮಾಡಲೇ? ಇಲ್ಲ ಬೇರೆ ಯಾವುದಾದರೂ ಮೊದಲು ಕೇಳಬೇಕಾ?


ಬೇಸ್ ಗುರು ಹುಬ್ಬಳ್ಳಿ:

ನೇರ ಇದಕ್ಕೆ ಕೈ ಹಾಕಬ್ಯಾಡ್ರಿ. ಮನೆ ನೋಡದೆ ಮನೆ ಒಡೆದದ್ದು ನೋಡಿದರೆ ಏನು ಗೊತ್ತಾಗುತ್ತದೆ? ಮೊದಲು 'ಸ್ಟ್ಯಾಂಡ್!' ಪೂರ್ತಿ ಕೇಳಿ. ಆಮೇಲೆ 'ಥ್ಯಾಂಕ್ ಯೂ' ಸಿಂಗಲ್. ಆಮೇಲೆ ಇದು.


ತಂತಿಮೀಟು:

ಸರಿಯಾದ ದಾರಿ. ಇದಾದ ಮೇಲೆ 1973ರ 'ಫ್ರೆಶ್' ಬಿಡಬೇಡಿ. ಅದರಲ್ಲಿ ಆಂಡಿ ನ್ಯೂಮಾರ್ಕ್ ಅನ್ನುವ ಹೊಸ ಡ್ರಮ್ಮರ್ ಬಂದಿದ್ದಾನೆ. 'ಇನ್ ಟೈಮ್' ಹಾಡಿನಲ್ಲಿ ಡ್ರಮ್ ಮಷೀನಿನ ಜೊತೆ ಅವನು ನುಡಿಸಿದ್ದು @ಆದಿತಾಳ ಅವರು ಕೇಳಲೇಬೇಕು. ನಾನು ಹೇಳುವುದಕ್ಕಿಂತ ನೀವು ಕೇಳಿ ಬರೆದರೆ ಚೆನ್ನಾಗಿರುತ್ತದೆ.

ಈ ಆಲ್ಬಂ ಬೇರೆಯವರ ಕೈಯಲ್ಲಿ ಏನಾಯಿತು ಅನ್ನುವುದೂ ಗೊತ್ತಿರಲಿ. ಮೈಲ್ಸ್ ಡೇವಿಸ್ 1972ರಲ್ಲಿ 'ಆನ್ ದ ಕಾರ್ನರ್' ಮಾಡಿದಾಗ ಸ್ಲೈ ಸಂಗೀತ ತಲೆಯಲ್ಲಿ ತುಂಬಿಕೊಂಡಿದ್ದ. ಹರ್ಬಿ ಹ್ಯಾನ್‌ಕಾಕ್ 1973ರ 'ಹೆಡ್ ಹಂಟರ್ಸ್'ನಲ್ಲಿ ಒಂದು ರಚನೆಗೆ 'ಸ್ಲೈ' ಅಂತಲೇ ಹೆಸರಿಟ್ಟ. ಜಾಜ್‌ನ ಇಬ್ಬರು ದೊಡ್ಡವರು ಒಬ್ಬ ಪಾಪ್ ಹಾಡುಗಾರನಿಂದ ಕಲಿತರು. ಶಗ್ಗಿ ಓಟಿಸ್ 1974ರಲ್ಲಿ ಡ್ರಮ್ ಮಷೀನ್ ಇಟ್ಟುಕೊಂಡು ಹೆಚ್ಚು ಕಮ್ಮಿ ಒಬ್ಬನೇ ಕೂತು 'ಇನ್ಸ್ಪಿರೇಷನ್ ಇನ್ಫರ್ಮೇಷನ್' ಮಾಡಿದ. ಪ್ರಿನ್ಸ್ ಎಲ್ಲ ವಾದ್ಯ ತಾನೇ ನುಡಿಸಿ, ಮಷೀನ್ ತಾಳಕ್ಕೆ ಹಾಡಿದ್ದೂ ಇದೇ ದಾರಿಯಲ್ಲಿ. 2000ದಲ್ಲಿ ಬಂದ ಡಿ'ಆಂಜೆಲೊನ 'ವೂಡೂ' ಕೇಳಿದರೆ ಆ ಎಳೆದು ಬಿಡುವ ಲಯ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಸ್ಲೈ 2025ರ ಜೂನ್ 9ರಂದು ಹೋದ. 82 ವರ್ಷ. ಅಷ್ಟು ದಿನ ಬದುಕುತ್ತಾನೆ ಅಂತ 1971ರಲ್ಲಿ ಅವನ ಹತ್ತಿರದವರೂ ನಂಬಿರಲಿಕ್ಕಿಲ್ಲ.


ಹಳೇ ಕ್ಯಾಸೆಟ್ಟು:

ಇಷ್ಟೆಲ್ಲ ಓದಿ ಮತ್ತೊಂದು ಸಲ ಹಾಕಿದೆ. 'ಸ್ಟ್ಯಾಂಡ್!' ಮೇಲು ಅನ್ನುವ ಮಾತು ಈಗಲೂ ನನ್ನದೇ. ಆ ಎರಡು 'ಥ್ಯಾಂಕ್ ಯೂ' ಅಕ್ಕಪಕ್ಕ ಕೇಳಿದ್ದು ಮಾತ್ರ ಚೆನ್ನಾಗಿತ್ತು, ಅದಕ್ಕೆ ತಂತಿಮೀಟು ಅವರಿಗೆ ಋಣಿ. ಆದರೆ ಎರಡನೇ ಬದಿಯ 'ಸ್ಪೇಸ್ಡ್ ಕೌಬಾಯ್' ನನಗೆ ಸಹಿಸಲು ಆಗುವುದಿಲ್ಲ. ಕೌಬಾಯ್ ಥರ ಗಂಟಲು ಮುರಿದು ಯೋಡ್ಲ್ ಮಾಡುತ್ತಾನೆ. ನಮ್ಮ ಕಿಶೋರ್ ಕುಮಾರ್ ಯೋಡ್ಲಿಂಗ್ ಕೇಳಿ ಬೆಳೆದ ಕಿವಿ ಇದು. ಇಷ್ಟು ಅಳತೆ ತಪ್ಪಿದ್ದು ಯಾಕೆ ಹಾಕಬೇಕಿತ್ತು?


ತಂತಿಮೀಟು:

ಆ ಹಾಡನ್ನು ಅದರ ಮುಂದಿನ 'ರನ್ನಿನ್ ಅವೇ' ಜೊತೆ ಸೇರಿಸಿ ಕೇಳಿ. ಸಣ್ಣ ಮಕ್ಕಳ ಹಾಡಿನಷ್ಟು ಹಗುರ ರಾಗ, ಸಿಂಥಿಯಾಳ ಟ್ರಂಪೆಟ್. ಪದಗಳು ನೋಡಿದರೆ ಎಲ್ಲದರಿಂದ ಓಡಿಹೋಗುತ್ತಿರುವವನನ್ನು ನೋಡಿ ಯಾರೋ ಹಾ ಹಾ, ಹೀ ಹೀ ಅಂತ ನಗುತ್ತಿದ್ದಾರೆ. ಯಾರು ಯಾರನ್ನು ನೋಡಿ ನಗುತ್ತಿದ್ದಾರೆ? ಹಾಡುತ್ತಿರುವವನೇ ಆ ಓಡುವವನು. ಎರಡೂ ಹಾಡಿನಲ್ಲಿ ಮೇಲೆ ಆಟ, ಕೆಳಗೆ ತಳಮಳ. ಯೋಡ್ಲಿಂಗ್ ಅಳತೆ ತಪ್ಪಿದೆ ಅನ್ನುವುದು ನಿಜ. ಅದನ್ನು ಸರಿ ಮಾಡಿ ಇನ್ನೊಂದು ಟೇಕ್ ತೆಗೆದುಕೊಳ್ಳುವುದು ಅವನಿಗೆ ಕಷ್ಟವಿರಲಿಲ್ಲ.

ಎರಡನೇ ಬದಿಯನ್ನು ಇನ್ನೂ ಯಾರೂ ಪೂರ್ತಿ ಮುಟ್ಟಿಲ್ಲ. 'ಟೈಮ್' ಹಾಡಿನ ಬಗ್ಗೆ ನಾನು ನಾಳೆ ಬರೆಯುತ್ತೇನೆ. @ಬೇಸ್ ಗುರು, 'ಬ್ರೇವ್ ಅಂಡ್ ಸ್ಟ್ರಾಂಗ್' ನೀವು ತೆಗೆದುಕೊಳ್ಳಿ. ಅದರ ಬೇಸ್ ನನ್ನ ಕೈಗೆ ಇನ್ನೂ ಹತ್ತಿಲ್ಲ.


ಬೇಸ್ ಗುರು ಹುಬ್ಬಳ್ಳಿ:

ಆಯ್ತು, ಭಾನುವಾರ ಕೂತು ಬಾರಿಸಿ ರೆಕಾರ್ಡ್ ಮಾಡಿ ಇಲ್ಲೇ ಹಾಕುತ್ತೇನೆ. @ಆದಿತಾಳ ಅವರು ತಾಳ ಎಣಿಸಿ ಎಲ್ಲಿ ತಡ ಆಗುತ್ತದೆ ಅಂತ ಗುರುತು ಹಾಕಿಕೊಟ್ಟರೆ ಇನ್ನೂ ಚಲೋ.


ಆದಿತಾಳ:

ಖಂಡಿತ. ಹಾಕಿ, ಎಣಿಸಿ ಬರೆಯುತ್ತೇನೆ.